ಗೇಮ್ ಲಾಂಚರ್‌ನಲ್ಲಿ ಆ ಒಂದು ಬಟನ್ ಯಾಕಿಲ್ಲ?

2020ರ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡೆಯುತ್ತಿದ್ದಾಗ, ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಎಪಿಕ್ ಗೇಮ್ಸ್ ಸ್ಟೋರ್ ಒಂದು ವಾರದ ಮಟ್ಟಿಗೆ ‘ಗ್ರ್ಯಾಂಡ್ ಥೆಫ್ಟ್ ಆಟೋ 5’ ಆಟವನ್ನು ಪುಕ್ಕಟೆ ಕೊಟ್ಟಿತು. ಜನ ಮುಗಿಬಿದ್ದ ರಭಸಕ್ಕೆ ಸ್ಟೋರ್‌ನ ಸೈಟೇ ಗಂಟೆಗಟ್ಟಲೆ ಮಲಗಿಬಿಟ್ಟಿತು. ಆಟದ ಗಾತ್ರ ಹತ್ತಿರ ಹತ್ತಿರ 100 ಜಿಬಿ. ಹೇಗೋ ಡೌನ್‌ಲೋಡ್ ಮುಗಿಸಿ, ಸಿ ಡ್ರೈವ್ ತುಂಬಿಸಿಕೊಂಡು, ಆಮೇಲೆ ಹೊಸ ಎಸ್‌ಎಸ್‌ಡಿ ಕೊಂಡು ತಂದವರಿಗೆ ಒಂದು ಸಣ್ಣ ಪ್ರಶ್ನೆ ಎದುರಾಯಿತು: ಈ ಆಟವನ್ನು ಹೊಸ ಡ್ರೈವ್‌ಗೆ ಹೇಗೆ ಸಾಗಿಸುವುದು?

ಇಂಥ ಅಂಗಡಿಯ ಆಟಗಳನ್ನು ಇಳಿಸಿಕೊಳ್ಳಲು, ತೆರೆಯಲು ಬಳಸುವ ತಂತ್ರಾಂಶವೇ ಲಾಂಚರ್. ಸ್ಟೀಮ್ ಎಂಬ ಇನ್ನೊಂದು ಲಾಂಚರ್‌ನಲ್ಲಾದರೆ ಆಟದ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ, ಇನ್‌ಸ್ಟಾಲ್ ಆದ ಫೈಲ್‌ಗಳ ಪುಟದಲ್ಲಿ ಫೋಲ್ಡರ್ ಸಾಗಿಸುವ ಬಟನ್ ಒತ್ತಿದರೆ ಕೆಲಸ ಮುಗಿಯಿತು. ಎಪಿಕ್‌ನಲ್ಲಿ ವರ್ಷಗಟ್ಟಲೆ ಆ ಬಟನ್ ಇರಲಿಲ್ಲ. ಅನ್‌ಇನ್‌ಸ್ಟಾಲ್ ಮಾಡಿ ಮತ್ತೆ ಡೌನ್‌ಲೋಡ್ ಮಾಡುವುದೇ ನೇರ ದಾರಿಯಾಗಿತ್ತು. ದಿನಕ್ಕೆ 2 ಜಿಬಿ ಕೊಡುವ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡವರಿಗೆ 100 ಜಿಬಿ ಎಂದರೆ 50 ದಿನದ ಡೇಟಾ. ಅಷ್ಟು ದಿನ ಮನೆಯಲ್ಲಿ ಇನ್ಯಾರೂ ಆ ಫೋನ್ ಮುಟ್ಟುವಂತಿಲ್ಲ.

ಇಲ್ಲದ ಬಟನ್‌ಗಳ ಪಟ್ಟಿ ದೊಡ್ಡದು. ಹಳೆಯ ಆವೃತ್ತಿಗೆ ಮರಳುವುದು, ಅಪ್‌ಡೇಟ್ ಬೇಡವೆನ್ನುವುದು, ಆಟ ಎಲ್ಲಿಗೆ ಬಂದಿತ್ತೆಂದು ಬರೆದಿಟ್ಟ ಹೋದವಾರದ ಸೇವ್ ಫೈಲನ್ನು ವಾಪಸ್ ತರಿಸುವುದು, ಒಂದೇ ಬಿಲ್‌ನಲ್ಲಿ ನಾಲ್ಕು ಆಟ ಕೊಳ್ಳುವುದು. ಒಂದೊಂದು ಲಾಂಚರ್‌ನಲ್ಲಿ ಒಂದೊಂದು ಇಲ್ಲ, ಅಥವಾ ಬಹುಕಾಲ ಇರಲಿಲ್ಲ. ಇವುಗಳಲ್ಲಿ ಕೆಲವು ನಿಜಕ್ಕೂ ಕಷ್ಟದ ಕೆಲಸ. ಇನ್ನು ಕೆಲವಕ್ಕೆ ಬೇಕಾದ ಯಂತ್ರವೆಲ್ಲ ಒಳಗೆ ಆಗಲೇ ಸಿದ್ಧವಾಗಿದೆ, ಬಟನ್ ಕೊಟ್ಟಿಲ್ಲ ಅಷ್ಟೇ. ಬಳಕೆದಾರರ ಸಿಟ್ಟು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕುತ್ತದೆ. ಕಂಪನಿಗಳ ಉತ್ತರವೂ ಎಲ್ಲವನ್ನೂ ‘ಕಷ್ಟ’ ಎಂಬ ಒಂದೇ ಮಾತಿನಡಿ ಸೇರಿಸಿಬಿಡುತ್ತದೆ. ಎರಡನ್ನೂ ಬೇರ್ಪಡಿಸಿ ನೋಡಬೇಕು.

ಆಟ ಸಾಗಿಸುವುದು ಎಂದರೆ ಏನು

ಲಾಂಚರ್ ಮೂಲಕ ಆಟ ಇನ್‌ಸ್ಟಾಲ್ ಆದಾಗ ಎರಡು ಕೆಲಸ ನಡೆಯುತ್ತವೆ. ಆಟದ ಫೈಲ್‌ಗಳು ಒಂದು ಫೋಲ್ಡರ್‌ಗೆ ಬಂದು ಕೂರುತ್ತವೆ. ಜೊತೆಗೆ, ಆ ಫೋಲ್ಡರ್ ಎಲ್ಲಿದೆ, ಒಳಗಿರುವುದು ಯಾವ ಆವೃತ್ತಿ ಎಂಬುದನ್ನು ಲಾಂಚರ್ ಒಂದು ಚಿಕ್ಕ ಫೈಲ್‌ನಲ್ಲಿ ಬರೆದಿಟ್ಟುಕೊಳ್ಳುತ್ತದೆ. ಫೋಲ್ಡರನ್ನು ನಾವೇ ಕತ್ತರಿಸಿ ಬೇರೆ ಕಡೆ ಅಂಟಿಸಿದರೆ ಆಟ ಹಾಳಾಗುವುದಿಲ್ಲ, ಲಾಂಚರ್‌ಗೆ ಅದರ ವಿಳಾಸ ತಪ್ಪುತ್ತದೆ.

ಸ್ಟೀಮ್ ಈ ದಾಖಲೆಯನ್ನು ಆಟದ ಪಕ್ಕದಲ್ಲೇ ಇಡುತ್ತದೆ. ‘ಸ್ಟೀಮ್‌ಆ್ಯಪ್ಸ್’ ಫೋಲ್ಡರ್ ತೆರೆದರೆ ‘ಆ್ಯಪ್‌ಮ್ಯಾನಿಫೆಸ್ಟ್’ ಎಂದು ಶುರುವಾಗುವ ಫೈಲ್‌ಗಳು ಸಾಲಾಗಿ ಕಾಣುತ್ತವೆ. ಹೆಸರಿನಲ್ಲಿ 271590 ಇದ್ದರೆ ಅದು ಗ್ರ್ಯಾಂಡ್ ಥೆಫ್ಟ್ ಆಟೋ 5ರದು. ನೋಟ್‌ಪ್ಯಾಡ್‌ನಲ್ಲಿ ತೆರೆದು ಓದಬಹುದು. ಆಟದ ಹೆಸರು, ಫೋಲ್ಡರ್, ಗಾತ್ರ, ಆವೃತ್ತಿಯ ಸಂಖ್ಯೆ ಎಲ್ಲವೂ ಸರಳ ಅಕ್ಷರಗಳಲ್ಲಿವೆ. ದಾಖಲೆ ಆಟದ ಜೊತೆಗೇ ಇರುವುದರಿಂದ ಆ ಡ್ರೈವನ್ನೇ ಕಿತ್ತು ಇನ್ನೊಂದು ಕಂಪ್ಯೂಟರ್‌ಗೆ ಹಾಕಿ, ಸ್ಟೀಮ್‌ಗೆ ತೋರಿಸಿದರೆ ಸಾಕು, ಆಟಗಳನ್ನೆಲ್ಲ ಗುರುತು ಹಿಡಿಯುತ್ತದೆ.

ಎಪಿಕ್ ಹಾಗೆ ಮಾಡಲಿಲ್ಲ. ಆಟ ಡಿ ಡ್ರೈವ್‌ನಲ್ಲಿದ್ದರೂ ಅದರ ದಾಖಲೆ ಸಿ ಡ್ರೈವ್‌ನ ‘ಪ್ರೋಗ್ರಾಂಡೇಟಾ’ ಎಂಬ ಅಡಗಿದ ಫೋಲ್ಡರ್‌ನೊಳಗೆ, ಅರ್ಥವಾಗದ ಅಕ್ಷರ-ಅಂಕಿಗಳ ಹೆಸರಿನ ಫೈಲ್‌ನಲ್ಲಿ ಇರುತ್ತದೆ. ಹಾಗಾಗಿ ವಿಂಡೋಸ್ ಹೊಸದಾಗಿ ಹಾಕಿಸಿದ ಮರುಕ್ಷಣ, ಡಿ ಡ್ರೈವ್‌ನಲ್ಲಿ ಆಟ ಪೂರ್ತಿ ಇದ್ದರೂ, ಎಪಿಕ್ ‘ಇನ್‌ಸ್ಟಾಲ್ ಮಾಡಿ’ ಎನ್ನುತ್ತದೆ. ಎಷ್ಟೋ ಜನ ಇದನ್ನು ನಂಬಿ ಆಟ ಅಳಿಸಿ ಮತ್ತೆ ಇಳಿಸಿಕೊಂಡಿದ್ದಾರೆ.

ಅಳಿಸಬೇಕಾಗಿರಲಿಲ್ಲ. ಆಟದ ಫೋಲ್ಡರನ್ನು ಬೇರೆ ಕಡೆ ನಕಲು ಮಾಡಿಟ್ಟುಕೊಂಡು, ಎಪಿಕ್‌ನಲ್ಲಿ ಅನ್‌ಇನ್‌ಸ್ಟಾಲ್ ಕೊಟ್ಟು, ಹೊಸ ಡ್ರೈವ್ ಆರಿಸಿ ಇನ್‌ಸ್ಟಾಲ್ ಶುರುಮಾಡಬೇಕು. ಎರಡು ಮೂರು ಶೇಕಡಾ ಆದಮೇಲೆ ನಿಲ್ಲಿಸಿ, ಲಾಂಚರ್ ಮುಚ್ಚಿ, ನಕಲು ಮಾಡಿಟ್ಟ ಫೈಲ್‌ಗಳನ್ನು ಆ ಹೊಸ ಫೋಲ್ಡರ್‌ಗೆ ಸುರಿಯಬೇಕು. ಮತ್ತೆ ಲಾಂಚರ್ ತೆರೆದು ಮುಂದುವರಿಸಿದರೆ ಅದು ಇರುವ ಫೈಲ್‌ಗಳನ್ನು ಪರೀಕ್ಷಿಸಿ, ಕಡಿಮೆ ಬಿದ್ದದ್ದನ್ನಷ್ಟೇ ಇಳಿಸಿಕೊಳ್ಳುತ್ತದೆ. ಎಪಿಕ್‌ನ ಸಹಾಯ ಪುಟವೇ ಈ ಸುತ್ತುಬಳಸಿನ ದಾರಿಯನ್ನು ಹೇಳಿಕೊಟ್ಟಿತ್ತು.

ಇದು ಹೇಗೆ ಸಾಧ್ಯ? ಈಗಿನ ಲಾಂಚರ್‌ಗಳು ಆಟವನ್ನು ಇಡಿಯಾಗಿ ಇಳಿಸುವುದಿಲ್ಲ, ಸಣ್ಣ ತುಂಡುಗಳಾಗಿ ಇಳಿಸುತ್ತವೆ. ಸ್ಟೀಮ್‌ನಲ್ಲಿ ಒಂದು ತುಂಡು ಸುಮಾರು 1 ಎಂಬಿ. ಪ್ರತಿ ತುಂಡಿಗೂ ಅದರೊಳಗಿನ ಮಾಹಿತಿಯಿಂದಲೇ ಲೆಕ್ಕ ಹಾಕಿದ ಒಂದು ಗುರುತು ಸಂಖ್ಯೆ ಇರುತ್ತದೆ. ಒಳಗಿನ ಒಂದಕ್ಷರ ಬದಲಾದರೂ ಸಂಖ್ಯೆ ಬದಲಾಗುತ್ತದೆ. ಲಾಂಚರ್ ನಿಮ್ಮ ಡಿಸ್ಕ್‌ನಲ್ಲಿರುವುದನ್ನು ಓದಿ, ಸಂಖ್ಯೆ ಲೆಕ್ಕ ಹಾಕಿ, ಸರ್ವರ್‌ನ ಪಟ್ಟಿಯೊಂದಿಗೆ ತಾಳೆ ನೋಡುತ್ತದೆ. ಹೊಂದಿದ್ದನ್ನು ಇಟ್ಟುಕೊಳ್ಳುತ್ತದೆ, ಹೊಂದದ್ದನ್ನು ಮತ್ತೆ ತರಿಸುತ್ತದೆ.

ಅಂದರೆ ಆಟ ಸಾಗಿಸಲು ಬೇಕಾದ ಕಷ್ಟದ ಭಾಗವೆಲ್ಲ ಎಪಿಕ್ ಬಳಿ ಮೊದಲ ದಿನದಿಂದಲೂ ಇತ್ತು. ಬಟನ್ ಮಾಡುವವರು ಒಂದಷ್ಟು ಎಚ್ಚರ ವಹಿಸಬೇಕು, ನಿಜ. ಅರ್ಧ ಸಾಗಿಸುವಾಗ ಕರೆಂಟ್ ಹೋದರೆ, ಹೊಸ ಡ್ರೈವ್‌ನಲ್ಲಿ ಜಾಗ ಸಾಲದಿದ್ದರೆ, ಆಟ ಓಡುತ್ತಿರುವಾಗಲೇ ಯಾರೋ ಬಟನ್ ಒತ್ತಿದರೆ ಏನಾಗಬೇಕು ಎಂದು ಯೋಚಿಸಬೇಕು. ಆದರೆ ಆ ಎಚ್ಚರವನ್ನೆಲ್ಲ ವರ್ಷಗಳ ಕಾಲ ಬಳಕೆದಾರನ ತಲೆಗೆ ಕಟ್ಟಿದ್ದು ತಂತ್ರಜ್ಞಾನದ ಮಿತಿಯಿಂದಲ್ಲ. ಅದು ಯಾವುದಕ್ಕೆ ಮೊದಲ ಸ್ಥಾನ ಎಂಬ ತೀರ್ಮಾನ. ಮೈಕ್ರೋಸಾಫ್ಟ್‌ನದು ಇನ್ನೂ ಬಿಗಿಯಾಗಿತ್ತು. ಎಕ್ಸ್‌ಬಾಕ್ಸ್ ಆ್ಯಪ್ ಮೂಲಕ ಬಂದ ಆಟಗಳು ‘ವಿಂಡೋಸ್‌ಆ್ಯಪ್ಸ್’ ಎಂಬ ಬೀಗ ಹಾಕಿದ ಫೋಲ್ಡರ್‌ನಲ್ಲಿ ಕೂರುತ್ತಿದ್ದವು, ಮಾಲೀಕನಿಗೇ ಒಳಗೆ ಪ್ರವೇಶವಿರಲಿಲ್ಲ. ಬೇಕಾದ ಫೋಲ್ಡರ್ ಆರಿಸುವ ಅವಕಾಶ ಕೊಡುವ ಬದಲಾವಣೆ ಬಂದದ್ದು 2021ರ ಕೊನೆಯಲ್ಲಿ.

ಚಿಕ್ಕ ಅಪ್‌ಡೇಟ್, ದೊಡ್ಡ ಕಾಯುವಿಕೆ

ಲಾಂಚರ್ ಮೇಲಿನ ಒಂದು ದೂರಿನಲ್ಲಿ ಮಾತ್ರ ನಾನು ಲಾಂಚರ್ ಪರ ನಿಲ್ಲುತ್ತೇನೆ. ‘ಅಪ್‌ಡೇಟ್ ಇರೋದು 500 ಎಂಬಿ, ಆದರೆ 60 ಜಿಬಿ ಖಾಲಿ ಜಾಗ ಕೇಳ್ತಿದೆ, ಅರ್ಧ ಗಂಟೆಯಿಂದ ಡಿಸ್ಕ್ ಉಜ್ಜುತ್ತಿದೆ’ ಎಂಬ ದೂರು ಅದು. ಆಟ ತಯಾರಿಸುವವರು ಸಾವಿರಾರು ಚಿತ್ರ, ಧ್ವನಿ, ನಕ್ಷೆಗಳನ್ನು ಒಂದೇ ಭಾರಿ ಫೈಲ್‌ನಲ್ಲಿ ಒತ್ತಿ ತುಂಬಿರುತ್ತಾರೆ. ಒತ್ತಿ ತುಂಬಿದ ಟ್ರಂಕಿನ ತಳದಲ್ಲಿರುವ ಒಂದು ಸೀರೆ ಬದಲಿಸಬೇಕಾದರೆ ಎಲ್ಲ ತೆಗೆದು ಮತ್ತೆ ಜೋಡಿಸಬೇಕಲ್ಲ, ಹಾಗೆ. ಇಳಿದದ್ದು 500 ಎಂಬಿ ಇರಬಹುದು, ಆದರೆ 60 ಜಿಬಿಯ ಹಳೆಯ ಫೈಲನ್ನು ಓದುತ್ತಾ, ಹೊಸ ತುಂಡುಗಳನ್ನು ನಡುನಡುವೆ ಸೇರಿಸುತ್ತಾ, ಪಕ್ಕದಲ್ಲಿ ಇನ್ನೊಂದು 60 ಜಿಬಿಯ ಫೈಲ್ ಕಟ್ಟಬೇಕು. ಹೊಸದು ಸರಿಯಿದೆ ಎಂದು ಖಾತ್ರಿಯಾದ ಮೇಲೆಯೇ ಹಳೆಯದನ್ನು ಅಳಿಸುವುದು ಕ್ಷೇಮ. ಹಳೆಯ ಹಾರ್ಡ್ ಡಿಸ್ಕ್‌ನಲ್ಲಿ ಇದು ತಾಳ್ಮೆಗೆಡಿಸುವಷ್ಟು ನಿಧಾನ.

ಇಲ್ಲಿ ಲಾಂಚರ್ ಮಾಡಬಹುದಾದದ್ದು ಏನು ನಡೆಯುತ್ತಿದೆ ಎಂದು ಹೇಳುವುದು. ಸ್ಟೀಮ್ ನೆಟ್‌ವರ್ಕ್ ವೇಗವನ್ನೂ ಡಿಸ್ಕ್ ವೇಗವನ್ನೂ ಬೇರೆ ಬೇರೆ ತೋರಿಸುತ್ತದೆ. ಬರೀ ಶೇಕಡಾವಾರು ಅಂಕಿ ತೋರಿಸುವ ಲಾಂಚರ್‌ನಲ್ಲಿ 97ರಲ್ಲಿ ನಿಂತದ್ದನ್ನು ನೋಡಿದವರು ಹಾಳಾಯಿತೆಂದು ಕ್ಯಾನ್ಸಲ್ ಒತ್ತುತ್ತಾರೆ.

ಹಿಂದಿನ ಆವೃತ್ತಿಗೆ ಮರಳುವ ದಾರಿ

2024ರ ಏಪ್ರಿಲ್ 25ರಂದು ‘ಫಾಲ್‌ಔಟ್ 4’ ಆಟಕ್ಕೆ ದೊಡ್ಡ ಅಪ್‌ಡೇಟ್ ಬಂತು. ಆಟ ಹೊರಬಂದು ಆಗಲೇ ಎಂಟು ವರ್ಷ ದಾಟಿತ್ತು. ಆಟವನ್ನು ಬದಲಿಸಲು, ಹಿಗ್ಗಿಸಲು ಅಭಿಮಾನಿಗಳು ಕಟ್ಟಿದ ನೂರಾರು ಮಾಡ್‌ಗಳು ‘ಸ್ಕ್ರಿಪ್ಟ್ ಎಕ್ಸ್‌ಟೆಂಡರ್’ ಎಂಬ ಒಂದು ಉಪಕರಣದ ಮೇಲೆ ನಿಂತಿದ್ದವು. ಅದು ಆಟದ ಮುಖ್ಯ ಫೈಲ್‌ನ ನಿರ್ದಿಷ್ಟ ಆವೃತ್ತಿಗೆ ಮಾತ್ರ ಹೊಂದಿಕೊಳ್ಳುವಂಥದ್ದು. ಮುಖ್ಯ ಫೈಲ್ ಬದಲಾಯಿತು, ಮಾಡ್‌ಗಳು ಕುಸಿದವು. ‘ಫಾಲ್‌ಔಟ್: ಲಂಡನ್’ ಎಂಬ, ಒಂದು ಪೂರ್ಣ ಆಟದಷ್ಟೇ ದೊಡ್ಡ ಮಾಡ್ ಅದೇ ಏಪ್ರಿಲ್ 23ಕ್ಕೆ ಬರಬೇಕಿತ್ತು. ಈ ಅಪ್‌ಡೇಟ್‌ನ ಕಾರಣಕ್ಕೆ ಮುಂದಕ್ಕೆ ಹೋಗಿ ಜುಲೈ 25ಕ್ಕೆ ಬಂತು. ಆಗಲೂ ಸ್ಟೀಮ್‌ನಲ್ಲಿ ಆಟ ಕೊಂಡಿದ್ದವರು ಮೊದಲು ಪ್ರತ್ಯೇಕ ಉಪಕರಣ ಬಳಸಿ ಫಾಲ್‌ಔಟ್ 4ನ್ನು ಹಳೆಯ ಆವೃತ್ತಿಗೆ ಇಳಿಸಬೇಕಾಯಿತು.

ಸ್ಟೀಮ್‌ನಲ್ಲಿ ‘ಆಟ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು’ ಎಂಬ ಆಯ್ಕೆ ಇದೆ. ‘ಅಪ್‌ಡೇಟ್ ಮಾಡಲೇಬೇಡ’ ಎಂಬುದು ಇಲ್ಲ. ಹಳೆಯ ಆವೃತ್ತಿಗೆ ಮರಳುವ ಬಟನ್ ಕೂಡ ಇಲ್ಲ. ಆದರೆ ಹಳೆಯ ಆವೃತ್ತಿಗಳು ಸ್ಟೀಮ್‌ನ ಸರ್ವರ್‌ಗಳಲ್ಲಿ ಇವೆ! ಸ್ಟೀಮ್‌ನೊಳಗೆ ಅಡಗಿರುವ, ಆಜ್ಞೆ ಟೈಪ್ ಮಾಡುವ ಕನ್ಸೋಲ್ ಕಿಟಕಿ ತೆರೆದು ‘ಡೌನ್‌ಲೋಡ್ ಡಿಪೋ’ ಎಂಬ ಆಜ್ಞೆಯೊಂದಿಗೆ ಆಟದ ಸಂಖ್ಯೆ, ಡಿಪೋ (ಆಟದ ಫೈಲ್‌ಗಳ ಕಟ್ಟು) ಸಂಖ್ಯೆ, ಬೇಕಾದ ಹಳೆಯ ಆವೃತ್ತಿಯ ಉದ್ದನೆಯ ಸಂಖ್ಯೆ ಕೊಟ್ಟರೆ ಅದು ಇಳಿಯುತ್ತದೆ. ಮಾಡ್ ಲೋಕದ ಹಲವರು ಬಳಸುವ ದಾರಿ ಇದು.

ಬಟನ್ ಯಾಕಿಲ್ಲ ಎಂಬುದಕ್ಕೆ ಸಮರ್ಥನೆ ಇಲ್ಲವೆಂದಲ್ಲ. ಆನ್‌ಲೈನ್ ಆಟದಲ್ಲಿ ಎಲ್ಲರದೂ ಒಂದೇ ಆವೃತ್ತಿ ಇರಲೇಬೇಕು. ಭದ್ರತೆಯ ಲೋಪವಿರುವ ಹಳೆಯ ಆವೃತ್ತಿಯನ್ನು ಯಾರೂ ಹಂಚಲು ಬಯಸುವುದಿಲ್ಲ. ಮೂರು ವರ್ಷ ಹಿಂದಿನ ಆವೃತ್ತಿಯ ದೂರುಗಳಿಗೆ ಉತ್ತರಿಸುವುದು ಚಿಕ್ಕ ಸ್ಟುಡಿಯೋಗೆ ಹೊರೆ. ಆದರೆ ಒಬ್ಬನೇ ಕೂತು ಆಡುವ ಆಟಕ್ಕೆ ಈ ವಾದಗಳು ಅಷ್ಟಾಗಿ ಹೊಂದುವುದಿಲ್ಲ. ಪ್ಯಾರಡಾಕ್ಸ್‌ನಂಥ ಕಂಪನಿ ತನ್ನ ತಂತ್ರಗಾರಿಕೆಯ ಆಟಗಳ ಹಳೆಯ ಆವೃತ್ತಿಗಳನ್ನು ಪರೀಕ್ಷಾ ಆವೃತ್ತಿಗಳಿಗೆಂದು ಇರುವ ಸ್ಟೀಮ್‌ನ ಬೀಟಾ ಪಟ್ಟಿಯಲ್ಲಿ ಸಾಲಾಗಿ ಇಟ್ಟಿರುತ್ತದೆ. ನೂರು ಗಂಟೆಯ ಆಟವನ್ನು ಅರ್ಧಕ್ಕೆ ಬಿಡಲಾಗದವರು ಹಳೆಯದನ್ನೇ ಆರಿಸಿಕೊಂಡು ಮುಗಿಸಬಹುದು. ಜಿಒಜಿ ಎಂಬ ಅಂಗಡಿಯ ಲಾಂಚರ್ ಆದ ಜಿಒಜಿ ಗ್ಯಾಲಕ್ಸಿಯಲ್ಲಿ ಹಲವು ಆಟಗಳಿಗೆ ಹಿಂದಿನ ಆವೃತ್ತಿ ಆರಿಸುವ ಪಟ್ಟಿಯೇ ಇದೆ. ಮಾಡಲು ಬರುತ್ತದೆ ಎಂಬುದಕ್ಕೆ ಇವೇ ಸಾಕ್ಷಿ. ಸ್ಟೀಮ್ ಆ ತೀರ್ಮಾನವನ್ನು ಆಟ ಮಾಡಿದವರ ಕೈಗೆ ಕೊಟ್ಟಿದೆ, ಕೊಂಡವರ ಕೈಗೆ ಕೊಟ್ಟಿಲ್ಲ.

ಸೇವ್ ಫೈಲ್: ನಿಜಕ್ಕೂ ಕಷ್ಟದ ಕೆಲಸ

ಈಗ ಕಷ್ಟದ ಕಡೆಗೆ ಬರೋಣ. ಸೇವ್ ಫೈಲ್‌ಗಳನ್ನು ಸರ್ವರ್‌ನಲ್ಲಿ ಕಾಯ್ದಿಡುವ ಸ್ಟೀಮ್ ಕ್ಲೌಡ್ 2008ರಿಂದ ಇದೆ. ಎಪಿಕ್‌ಗೆ ಕ್ಲೌಡ್ ಸೇವ್ ಬಂದದ್ದು ಸ್ಟೋರ್ ಶುರುವಾದ ಮರುವರ್ಷ, 2019ರಲ್ಲಿ. ಹೊರಗಿನಿಂದ ನೋಡಿದರೆ ಒಂದಷ್ಟು ಫೈಲ್‌ಗಳನ್ನು ಸರ್ವರ್‌ಗೆ ಕಳಿಸಿ ವಾಪಸ್ ತರುವುದು, ಅಷ್ಟೇ. ಒಳಗೆ ಹಾಗಿಲ್ಲ.

ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್, ಊರಲ್ಲಿ ಮನೆಯ ಪಿಸಿ ಇರುವ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಹೊರಡುವ ಗಡಿಬಿಡಿಯಲ್ಲಿ ಆಟ ಮುಚ್ಚಿದವಳೇ ಲ್ಯಾಪ್‌ಟಾಪ್ ಮಡಚಿದಳು. ಕ್ಲೌಡ್‌ಗೆ ಫೈಲ್ ಹೋಗುವುದು ಸಾಮಾನ್ಯವಾಗಿ ಆಟ ಮುಚ್ಚಿದ ನಂತರ. ಹಾಗಾಗಿ ಕೊನೆಯ ಎರಡು ಗಂಟೆಯ ಆಟ ಮೇಲೆ ಹೋಗಲೇ ಇಲ್ಲ. ಊರಿಗೆ ಬಂದು ಪಿಸಿಯಲ್ಲಿ ಆಡಿದಳು, ಹಳೆಯ ಸೇವ್‌ನಿಂದ ಶುರುವಾಯಿತು, ಮೂರು ಗಂಟೆ ಆಡಿ ಮುಚ್ಚಿದಳು, ಅದು ಮೇಲೆ ಹೋಯಿತು. ಮರಳಿ ಹಾಸ್ಟೆಲ್‌ನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಕಿಟಕಿಯೊಂದು ಕೇಳುತ್ತದೆ: ಕ್ಲೌಡ್‌ನದೋ, ಈ ಕಂಪ್ಯೂಟರ್‌ನದೋ? ಪಕ್ಕದಲ್ಲಿ ಎರಡು ದಿನಾಂಕ. ಎರಡರಲ್ಲೂ ಅವಳ ನಿಜವಾದ ಆಟ ಇದೆ. ಎರಡನ್ನೂ ಬೆಸೆಯಲು ಲಾಂಚರ್‌ಗೆ ಬರುವುದಿಲ್ಲ, ಏಕೆಂದರೆ ಸೇವ್ ಫೈಲ್‌ನೊಳಗೆ ಏನಿದೆ ಎಂಬುದು ಆ ಆಟಕ್ಕೆ ಮಾತ್ರ ಗೊತ್ತು.

ಬೆಸೆಯಲಾಗದು, ಒಪ್ಪೋಣ. ಆದರೆ ಆರಿಸದೆ ಬಿಟ್ಟದ್ದನ್ನು ಒಂದು ತಿಂಗಳ ಕಾಲ ಪಕ್ಕಕ್ಕಿಟ್ಟಿರಬಹುದಿತ್ತಲ್ಲ? ಇಲ್ಲಿ ತಪ್ಪಿ ಒತ್ತಿದರೆ ವಾಪಸ್ ಬರುವ ಬಟನ್ ಇಲ್ಲ. ಇಡೀ ಲಾಂಚರ್ ಲೋಕದಲ್ಲಿ ನನಗೆ ಅತ್ಯಂತ ಕ್ರೂರ ಎನಿಸುವ ಕೊರತೆ ಇದು. ಆಟವನ್ನು ಮತ್ತೆ ಇಳಿಸಬಹುದು, ದುಡ್ಡನ್ನು ಮತ್ತೆ ದುಡಿಯಬಹುದು, ಎಂಬತ್ತು ಗಂಟೆ ಆಡಿ ಬೆಳೆಸಿದ ಪಾತ್ರವನ್ನು ಮತ್ತೆ ಬೆಳೆಸಲು ಯಾರಿಗೂ ಮನಸ್ಸು ಬರುವುದಿಲ್ಲ.

ಖರ್ಚಿನ ಪ್ರಶ್ನೆಯೂ ಇದೆ. ಆಟಕ್ಕೆ ನಾವು ಒಮ್ಮೆ ದುಡ್ಡು ಕೊಡುತ್ತೇವೆ, ಸೇವ್ ಫೈಲ್ ಇಟ್ಟುಕೊಳ್ಳುವ ಖರ್ಚು ಪ್ರತಿ ತಿಂಗಳದ್ದು. 2024ರಲ್ಲಿ ಜಿಒಜಿ ಒಂದೊಂದು ಆಟಕ್ಕೆ 200 ಎಂಬಿ ಎಂಬ ಮಿತಿ ಹಾಕಿತು. ಸೇವ್ ಫೈಲ್‌ಗಳು ಸಣ್ಣವಾಗಿರುವ ಆಟಗಳಿಗೆ ಅದು ಧಾರಾಳ, ನೂರಾರು ಸೇವ್ ಇಟ್ಟುಕೊಳ್ಳುವ ದೊಡ್ಡ ಪಾತ್ರಾಭಿನಯದ ಆಟಗಳಿಗೆ ಸಾಲದು.

ಇನ್ನು ಒಂದೇ ಆಟವನ್ನು ಎರಡು ಲಾಂಚರ್‌ಗಳಲ್ಲಿ ಹೊಂದಿರುವವರ ಪಾಡು ಬೇರೆ. ಸ್ಟೀಮ್ ಕ್ಲೌಡ್‌ಗೂ ಎಪಿಕ್ ಕ್ಲೌಡ್‌ಗೂ ಮಾತುಕತೆ ಇಲ್ಲ. ‘ಬಾಲ್ಡರ್ಸ್ ಗೇಟ್ 3’ ತನ್ನ ತಯಾರಕರಾದ ಲಾರಿಯನ್‌ನ ಖಾತೆಯ ಮೂಲಕ, ‘ಸೈಬರ್‌ಪಂಕ್ 2077’ ಜಿಒಜಿ ಖಾತೆಯ ಮೂಲಕ ಸೇವ್‌ಗಳನ್ನು ಸಾಗಿಸುತ್ತವೆ. ಅಲ್ಲಿ ಆಟ ಮಾಡಿದವರೇ ಸೇತುವೆ ಕಟ್ಟಿದ್ದಾರೆ, ಸ್ಟೀಮ್ ಅಥವಾ ಎಪಿಕ್ ಅಲ್ಲ.

ದುಡ್ಡು ಎತ್ತ ಹರಿಯುತ್ತದೆ

ಸ್ಟೀಮ್ 2003ರ ಸೆಪ್ಟೆಂಬರ್‌ನಲ್ಲಿ ಶುರುವಾದದ್ದು ಅಂಗಡಿಯಾಗಿ ಅಲ್ಲ. ‘ಕೌಂಟರ್-ಸ್ಟ್ರೈಕ್’ನಂಥ ತನ್ನದೇ ಆಟಗಳಿಗೆ ಅಪ್‌ಡೇಟ್ ತಲುಪಿಸಲು ವಾಲ್ವ್ ಕಂಪನಿ ಅದನ್ನು ಕಟ್ಟಿತು. 2004ರಲ್ಲಿ ‘ಹಾಫ್-ಲೈಫ್ 2’ ಆಡಲು ಸ್ಟೀಮ್ ಕಡ್ಡಾಯವಾದಾಗ ಜನ ಕೆರಳಿದ್ದರು. ಇಂದು ನಾವು ಮೆಚ್ಚುವ ಅದರ ಸೌಲಭ್ಯಗಳು ಇಪ್ಪತ್ತು ವರ್ಷಗಳಲ್ಲಿ ಒಂದೊಂದಾಗಿ ಸೇರಿದವು. ಎಪಿಕ್ ಸ್ಟೋರ್ 2018ರ ಡಿಸೆಂಬರ್‌ನಲ್ಲಿ ಬಂದದ್ದು ನೇರ ಅಂಗಡಿಯಾಗಿಯೇ. ಸ್ಟೀಮ್ ಸಾಮಾನ್ಯವಾಗಿ ಮಾರಾಟದ ಶೇ 30ರಷ್ಟನ್ನು ತಾನಿಟ್ಟುಕೊಂಡರೆ, ಎಪಿಕ್ ಶೇ 12 ಸಾಕೆಂದಿತು. ಆಟ ಮಾಡುವವರಿಗೆ ಇದು ನಿಜವಾದ ಒಳಿತು, ಅದನ್ನು ಕಡೆಗಣಿಸಬಾರದು. ಆಟ ಆಡುವವರನ್ನು ಸೆಳೆಯಲು ಅದು ಪುಕ್ಕಟೆ ಆಟಗಳನ್ನೂ ತನ್ನಲ್ಲಿ ಮಾತ್ರ ಸಿಗುವ ಆಟಗಳನ್ನೂ ನೆಚ್ಚಿಕೊಂಡಿತು. 2021ರಲ್ಲಿ ಆ್ಯಪಲ್ ವಿರುದ್ಧದ ಮೊಕದ್ದಮೆಯಲ್ಲಿ ಹೊರಬಂದ ದಾಖಲೆಗಳ ಪ್ರಕಾರ, ಮೊದಲ ಒಂಬತ್ತು ತಿಂಗಳಲ್ಲಿ ಪುಕ್ಕಟೆ ಆಟಗಳಿಗೆಂದೇ ಎಪಿಕ್ ಸುಮಾರು 1.16 ಕೋಟಿ ಡಾಲರ್ ಖರ್ಚು ಮಾಡಿತ್ತು.

ಆ ಅವಧಿಯಲ್ಲಿ ಆ ಅಂಗಡಿಗೆ ಶಾಪಿಂಗ್ ಕಾರ್ಟ್ ಇರಲಿಲ್ಲ. ನಾಲ್ಕು ಆಟಕ್ಕೆ ನಾಲ್ಕು ಬಿಲ್. 2019ರ ಮೇ ತಿಂಗಳ ದೊಡ್ಡ ಸೇಲ್‌ನಲ್ಲಿ ಒಂದರ ಹಿಂದೊಂದು ಆಟ ಕೊಂಡ ಕೆಲವರ ಖಾತೆಗಳನ್ನು ವಂಚನೆ ತಡೆಯುವ ವ್ಯವಸ್ಥೆ ತಡೆಹಿಡಿದದ್ದೂ ಉಂಟು. ಪ್ರತಿ ಪಾವತಿಗೂ ಒಟಿಪಿ ಅಥವಾ ಪಿನ್ ಕೇಳುವ ನಮ್ಮ ದೇಶದಲ್ಲಿ ಕಾರ್ಟ್ ಇಲ್ಲದಿರುವುದು ಇನ್ನಷ್ಟು ಕಿರಿಕಿರಿ. ಕಾರ್ಟ್ ಬಂದದ್ದು 2021ರ ಡಿಸೆಂಬರ್‌ನಲ್ಲಿ, ಅಂಗಡಿ ತೆರೆದ ಮೂರು ವರ್ಷಕ್ಕೆ. ಅದರಲ್ಲೂ ಕಷ್ಟವಿದೆ: ಒಂದೇ ಬಿಲ್‌ನಲ್ಲಿ ನಾಲ್ಕು ಪ್ರಕಾಶಕರ ಪಾಲು, ತೆರಿಗೆ, ನಾಲ್ಕರಲ್ಲಿ ಒಂದನ್ನಷ್ಟೇ ಹಿಂದಿರುಗಿಸಿದರೆ ಮರುಪಾವತಿಯ ಲೆಕ್ಕ. ಆದರೆ ಇದು ಎಲ್ಲ ಆನ್‌ಲೈನ್ ಅಂಗಡಿಗಳೂ ಬಿಡಿಸಿದ ಗಂಟು.

ಕಾರ್ಟ್ ತಡವಾದರೂ ಬಂತು, ಏಕೆಂದರೆ ಅದರಿಂದ ಮಾರಾಟ ಹೆಚ್ಚುತ್ತದೆ. ಆಟ ಸಾಗಿಸುವುದು, ಸೇವ್ ಮರಳಿಸುವುದು, ಅಪ್‌ಡೇಟ್ ನಿಲ್ಲಿಸುವುದು ಎಲ್ಲವೂ ದುಡ್ಡು ಕೈಸೇರಿದ ನಂತರದ ಕೆಲಸಗಳು. ಹೊಸ ಗ್ರಾಹಕನನ್ನು ಅವು ತರುವುದಿಲ್ಲ. ಇದೇ ಗೆರೆ ನಮ್ಮ ಭಾಷೆಯ ವಿಷಯದಲ್ಲೂ ಕಾಣುತ್ತದೆ. ಸ್ಟೀಮ್‌ನಲ್ಲಿ ರೂಪಾಯಿ ಬೆಲೆ 2015ರಲ್ಲೇ ಬಂತು, ಯುಪಿಐ ಬಂತು, ಕನ್ನಡದ ಮೆನು ಬರಲಿಲ್ಲ.

ಲಾಂಚರ್ ಒಳಗೊಂದು ಲಾಂಚರ್

ಎಪಿಕ್‌ನಲ್ಲಿ ಪಡೆದ ಗ್ರ್ಯಾಂಡ್ ಥೆಫ್ಟ್ ಆಟೋ 5 ತೆರೆದರೆ ಮೊದಲು ಎಪಿಕ್, ಅದರ ಬೆನ್ನಿಗೆ ಆಟ ತಯಾರಿಸಿದ ರಾಕ್‌ಸ್ಟಾರ್‌ನ ಲಾಂಚರ್. ಯುಬಿಸಾಫ್ಟ್, ಇಎ ಆಟಗಳದೂ ಇದೇ ಕತೆ. ಎರಡು ಖಾತೆ, ಎರಡು ಪಾಸ್‌ವರ್ಡ್. ಇಂಟರ್‌ನೆಟ್ ಇಲ್ಲದ ದಿನ ಮೊದಲ ಲಾಂಚರ್ ಆಫ್‌ಲೈನ್ ಮೋಡ್‌ಗೆ ಒಪ್ಪಿದರೂ ಎರಡನೆಯದು ಒಪ್ಪದಿರಬಹುದು. ಆಫ್‌ಲೈನ್ ಮೋಡ್ ಎಂದರೆ ಬೀಗ ತೆಗೆದಿಟ್ಟಂತೆ ಎಂದು ಹಲವರು ತಿಳಿದಿದ್ದಾರೆ. ಹಾಗಲ್ಲ. ಆಟ ನಿಮ್ಮದೆಂದು ಸರ್ವರ್ ಮೊದಲೇ ಕೊಟ್ಟ ಪುರಾವೆಯನ್ನು ಲಾಂಚರ್ ನೆನಪಿಟ್ಟುಕೊಂಡಿರುತ್ತದೆ, ಅಷ್ಟೇ. ಆದ್ದರಿಂದ ಊರಿಗೆ ಹೊರಡುವ ಮುನ್ನ ನೆಟ್ ಇರುವಾಗಲೇ ಆಟದ ಅಪ್‌ಡೇಟ್ ಮುಗಿಸಿ, ಒಮ್ಮೆ ತೆರೆದು, ಆಮೇಲೆ ನೆಟ್ ತೆಗೆದು ಮತ್ತೆ ತೆರೆದು ನೋಡಿ.

ಕೊಂಡದ್ದು ಆಟವಲ್ಲ, ಆಡುವ ಪರವಾನಗಿ ಎಂಬುದನ್ನು ಅಂಗಡಿಗಳು ಹಿಂದೆ ಸಣ್ಣಕ್ಷರದಲ್ಲಿ ಬರೆಯುತ್ತಿದ್ದವು. ಡಿಜಿಟಲ್ ವಸ್ತು ಮಾರುವವರು ಇದನ್ನು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕೆಂಬ ಕ್ಯಾಲಿಫೋರ್ನಿಯಾದ ಕಾನೂನು 2025ರ ಜನವರಿ 1ರಿಂದ ಜಾರಿಗೆ ಬಂತು. ಅದಕ್ಕೂ ಮೊದಲೇ ಸ್ಟೀಮ್ ತನ್ನ ಕಾರ್ಟ್‌ನಲ್ಲಿ ಆ ಸಾಲನ್ನು ಸೇರಿಸಿತು. ಆದರೆ ಜಿಒಜಿ ತನ್ನ ಆಟಗಳಿಗೆ ಲಾಂಚರ್ ಬೇಡದ ಇನ್‌ಸ್ಟಾಲರ್ ಫೈಲ್ ಕೊಡುತ್ತದೆ. ಅದನ್ನು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟುಕೊಂಡರೆ ಮುಂದೆ ಯಾವ ಸರ್ವರ್ ಮುಚ್ಚಿದರೂ ಆಟ ಇನ್‌ಸ್ಟಾಲ್ ಆಗುತ್ತದೆ. ಲಾಂಚರ್‌ಗಳು ಮುಚ್ಚುವುದೂ ಹೊಸತಲ್ಲ: ಫಾಲ್‌ಔಟ್ 4ರ ಕಂಪನಿ ಬೆಥೆಸ್ಡಾ ತನ್ನದನ್ನು 2022ರ ಮೇ ತಿಂಗಳಲ್ಲಿ ಮುಚ್ಚಿ ಗ್ರಾಹಕರ ಆಟಗಳನ್ನು ಸ್ಟೀಮ್‌ಗೆ ವರ್ಗಾಯಿಸಿತು. ಕೆಲವು ಆಟಗಳ ಸೇವ್‌ಗಳನ್ನು ಬಳಕೆದಾರರೇ ಕೈಯಾರೆ ನಕಲು ಮಾಡಿಕೊಳ್ಳಬೇಕಾಯಿತು.

ಸದ್ಯಕ್ಕೆ ಇರುವ ದಾರಿಗಳು

ಒಂದೇ ಮನೆಯಲ್ಲೋ ಹಾಸ್ಟೆಲ್‌ನಲ್ಲೋ ಇಬ್ಬರ ಬಳಿ ಒಂದೇ ಆಟ ಇದ್ದರೆ ಎರಡು ಸಲ ಇಂಟರ್‌ನೆಟ್‌ನಿಂದ ಇಳಿಸಬೇಕಿಲ್ಲ. 2023ರಿಂದ ಸ್ಟೀಮ್‌ನಲ್ಲಿ ಸ್ಥಳೀಯ ನೆಟ್‌ವರ್ಕ್ ವರ್ಗಾವಣೆ ಇದೆ. ಎರಡೂ ಕಂಪ್ಯೂಟರ್ ಒಂದೇ ವೈಫೈಯಲ್ಲಿದ್ದು, ಎರಡರಲ್ಲೂ ಆ ಸೆಟ್ಟಿಂಗ್ ಆನ್ ಆಗಿದ್ದರೆ, ತುಂಡುಗಳು ಪಕ್ಕದ ಯಂತ್ರದಿಂದಲೇ ಬರುತ್ತವೆ. ನಮ್ಮಲ್ಲಿ ಇದರ ಬಗ್ಗೆ ಗೊತ್ತಿರುವವರು ಕಡಿಮೆ.

ಎಲ್ಲ ಲಾಂಚರ್‌ಗಳ ಆಟಗಳನ್ನು ಒಂದೇ ಪಟ್ಟಿಯಲ್ಲಿ ನೋಡಲು ‘ಪ್ಲೇನೈಟ್’ ಎಂಬ ಮುಕ್ತ ತಂತ್ರಾಂಶವಿದೆ. ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಜಿಒಜಿ ಗ್ಯಾಲಕ್ಸಿ ಇಲ್ಲ, ಅಲ್ಲಿ ‘ಹೀರೋಯಿಕ್’ ಎಂಬ ಇನ್ನೊಂದು ಮುಕ್ತ ಲಾಂಚರ್ ಎಪಿಕ್ ಮತ್ತು ಜಿಒಜಿ ಆಟಗಳನ್ನು ತೆರೆಯುತ್ತದೆ. ದೊಡ್ಡ ಕಂಪನಿಗಳು ವರ್ಷಗಟ್ಟಲೆ ಕೊಡದ ಸೌಲಭ್ಯವನ್ನು ಕೆಲವೇ ಜನ ಬಿಡುವಿನ ಸಮಯದಲ್ಲಿ ಕಟ್ಟಿಕೊಟ್ಟಿದ್ದಾರೆ, ಇದಕ್ಕೆ ನಾನು ಮನಸಾರೆ ಋಣಿ. ಅಂಗಡಿಗಳು ತಮ್ಮ ಒಳ ವ್ಯವಸ್ಥೆ ಬದಲಿಸಿದಾಗ ಇವು ಕೆಲವು ದಿನ ಕೆಟ್ಟು ನಿಲ್ಲುವುದುಂಟು.

ಸೇವ್ ಫೈಲ್‌ಗೆ ‘ಲುಡುಸಾವಿ’ ಎಂಬ ಪುಕ್ಕಟೆ ತಂತ್ರಾಂಶ ಹಾಕಿಕೊಳ್ಳಿ. ಯಾವ ಆಟ ತನ್ನ ಸೇವ್‌ಗಳನ್ನು ಯಾವ ಫೋಲ್ಡರ್‌ನಲ್ಲಿ ಇಡುತ್ತದೆ ಎಂಬ ಮಾಹಿತಿಯನ್ನು ಅದು ‘ಪಿಸಿಗೇಮಿಂಗ್‌ವಿಕಿ’ಯಿಂದ ತೆಗೆದುಕೊಂಡು, ನಿಮ್ಮಲ್ಲಿರುವ ಆಟಗಳ ಸೇವ್‌ಗಳನ್ನೆಲ್ಲ ಹುಡುಕಿ ನೀವು ಹೇಳಿದ ಕಡೆ ನಕಲು ಮಾಡುತ್ತದೆ. ಒಂದರ ಮೇಲೊಂದು ಬರೆಯದೆ ಹಳೆಯ ಪ್ರತಿಗಳನ್ನೂ ಉಳಿಸುವಂತೆ ಸೆಟ್ಟಿಂಗ್ ಬದಲಿಸಿಕೊಳ್ಳಬಹುದು. ಅದೇ ವಿಕಿಯಲ್ಲಿ ಪ್ರತಿ ಆಟದ ಪುಟದಲ್ಲೂ ಯಾವ ಅಂಗಡಿಯ ಪ್ರತಿಗೆ ಕ್ಲೌಡ್ ಸೇವ್ ಇದೆ, ಯಾವುದಕ್ಕೆ ಎರಡನೇ ಲಾಂಚರ್ ಬೇಕು ಎಂಬ ಪಟ್ಟಿ ಇರುತ್ತದೆ. ಸೇಲ್‌ನಲ್ಲಿ ಕೊಳ್ಳುವ ಬಟನ್ ಒತ್ತುವ ಮೊದಲು ಆ ಪುಟ ತೆರೆದು ನೋಡಿ.